ಖಾಲಿ ಜಾಗ ತುಂಬುವ ಯಂತ್ರ

“ಎಲ್ಲಾ ಸಡ್ಲ ಇದ್ದುವು ನೋಡು. ಒಂದೂ ಬಿಡದಂಗ ಬಿಗಿ ಮಾಡೇನಿ,” ಎಂದ ಬಸವಂತ.

ಭಾನುವಾರ ಬೆಳಗಿನ ಚಹಾ ಇನ್ನೂ ಮುಗಿದಿರಲಿಲ್ಲ. ಅವನ ಕೈಯಲ್ಲೊಂದು ಸಣ್ಣ ಸ್ಕ್ರೂಡ್ರೈವರ್, ಮುಖದ ಮೇಲೆ ಉಪಕಾರ ಮಾಡಿದವನ ಕಳೆ. ಮೇಜಿನ ಮೇಲೆ ಶೈಲಜಾಳ ಕೈರೇಡಿಯೊ ಬೆನ್ನು ಬಿಚ್ಚಿಕೊಂಡು ಬೋರಲಾಗಿ ಮಲಗಿತ್ತು. ಶೈಲಜಾ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು.

“ಯಾವುವು ಸಡ್ಲ ಇದ್ದುವು?”

“ಈ ತಗಡಿನ ಡಬ್ಬಿ ಅದಾವಲ್ಲ, ಅವುಗಳ ನೆತ್ತಿಮ್ಯಾಲಿನ ಸ್ಕ್ರೂ. ಸುಮ್ನ ಮುಟ್ಟಿದ್ರ ತಿರಗತಿದ್ದುವು. ಹಂಗಿದ್ರ ರೇಡಿಯೊ ಹೆಂಗ ಹಾಡೀತು ಹೇಳು? ಒಂದು ಮಾತ್ರ ಭಾಳ ಹಟಾ ಮಾಡ್ತು. ಕಟ್ ಅಂತು. ಆದ್ರೂ ಬಿಡ್ಲಿಲ್ಲ ನಾ.”

ಅವು ಸ್ಕ್ರೂಗಳಲ್ಲ. ಹಳೆಯ ರೇಡಿಯೊದೊಳಗಿನ ಆ ಪುಟ್ಟ ಡಬ್ಬಿಗಳಲ್ಲಿ ಕೂದಲೆಳೆಯಂಥ ತಂತಿಯ ಸುರುಳಿ ಇರುತ್ತದೆ. ಅದರ ನಡುವೆ ಕಪ್ಪು ಕೋರು. ಕೋರು ಎಷ್ಟು ಒಳಗಿದೆ, ಎಷ್ಟು ಹೊರಗಿದೆ ಎಂಬುದರ ಮೇಲೆ ಇಡೀ ರೇಡಿಯೊದ ಶ್ರುತಿ ನಿಂತಿರುತ್ತದೆ. ಕಾರ್ಖಾನೆಯವರು ಅದರ ನೆತ್ತಿಯಲ್ಲಿ ಒಂದು ಸೀಳು ಬಿಟ್ಟಿದ್ದರಿಂದ, ನೋಡಿದವರಿಗೆ ಅದು ಸ್ಕ್ರೂವಿನಂತೆ ಕಾಣುತ್ತದೆ. ತಂಬೂರಿಯ ಬಿರಡೆಗಳು ಸಡಿಲವಾಗಿವೆ ಎಂದು ಯಾರೋ ಪುಣ್ಯಾತ್ಮ ನಾಲ್ಕನ್ನೂ ಕೈಲಾದಷ್ಟು ತಿರುವಿಟ್ಟರೆ ಹಾಡುವವನಿಗೆ ಏನಾಗುತ್ತದೋ ಶೈಲಜಾಳಿಗೆ ಅದೇ ಆಯಿತು. ಕಿರುಚಬೇಕೆನಿಸಿತು. ಕಿರುಚಲಿಲ್ಲ.

“ರೀ,” ಎಂದಳು, “ನಿಮಗ ಯಾರ್ ಹೇಳಿದ್ರು ಇದನ್ನ ಮುಟ್ಟಂತ?”

“ಯಾರ್ಯಾಕ ಹೇಳಬೇಕು? ಇವತ್ತ ನಿನಗ ಬೇಕಾಗೇತಿ ಅಂದಿದ್ದಿ. ಧೂಳ ಒರಸೂಣು ಅಂತ ತಗದೆ.”

ಇವತ್ತು ಬೇಕಾಗಿತ್ತು, ನಿಜ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಾಗ ಅದರ ಚರ್ಮದ ಚೀಲದಲ್ಲಿ ಜಿರಲೆಯ ಸಂಸಾರವಿತ್ತು. ಬ್ಯಾಟರಿಯ ಗೂಡು ಹಸಿರುಗಟ್ಟಿತ್ತು. ನೂರು ವರ್ಷದ ಹಿಂದಿನ ಟ್ರಾನ್ಸಿಸ್ಟರುಗಳ ಒಳಗೆ ತವರದ ಕೂದಲು ಬೆಳೆದು ತಾವೇ ತಮ್ಮ ಕವಚಕ್ಕೆ ಅಂಟಿಕೊಂಡಿದ್ದವು. ಒಂದೊಂದರ ಕವಚದ ತಂತಿಯನ್ನು ಕತ್ತರಿಸಿ, ಒಣಗಿದ ಕೆಪಾಸಿಟರುಗಳನ್ನು ತೆಗೆದು ಬೇರೆಯವನ್ನು ಬೆಸೆದು, ಕೊನೆಗೆ ಕೋರುಗಳನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುವುತ್ತ ಶ್ರುತಿಗೆ ತಂದಿದ್ದಳು. ಅವಳ ಕಪಾಟಿನಲ್ಲಿ ಇಂಥ ಹದಿನಾರು ಕೈರೇಡಿಯೊಗಳಿದ್ದವು. ದೂರದ ಶಾರ್ಟ್‌ವೇವ್ ಹಿಡಿಯುವಷ್ಟು ಜೀವ ಇದ್ದದ್ದು ಇದೊಂದಕ್ಕೇ. ಹತ್ತು ಗಂಟೆಗೆ ಕಲ್ಯಾಣಿಯ ಮಾತು ಬರಬೇಕಿತ್ತು.

ಕಲ್ಯಾಣಿ ಅವರ ಒಬ್ಬಳೇ ಮಗಳು, ದಕ್ಷಿಣ ಸಾಗರದ ನೀರಿನ ಕಾವನ್ನು ಅಳೆಯುವ ‘ವರದಾ’ ಎಂಬ ಹಡಗಿನ ಇಂಜಿನ್ನು ನೋಡಿಕೊಳ್ಳುವವಳು. ಭೂಮಿಯ ಸುತ್ತ ಸತ್ತ ಉಪಗ್ರಹಗಳ ಚೂರು ತುಂಬಿ, ಹೊಸದೊಂದನ್ನು ಹಾರಿಸಿದರೆ ವಾರದಲ್ಲಿ ಅದೂ ಚೂರಾಗುತ್ತಿದ್ದ ಕಾಲ ಅದು. ಹಡಗುಗಳು ಅನಿವಾರ್ಯವಾಗಿ ಮತ್ತೆ ಶಾರ್ಟ್‌ವೇವಿಗೆ ಮರಳಿದ್ದವು. ಆದರೆ ಶಾರ್ಟ್‌ವೇವಿನ ಗೊರಗೊರ, ಏರಿಳಿತ ಯಾರಿಗೆ ಬೇಕು? ಅದಕ್ಕೆಂದೇ ‘ಪೂರಕ’ ಬಂತು. ಬಂದ ಮಾತಿನ ಗದ್ದಲವನ್ನು ಅದು ಸೋಸುತ್ತದೆ. ಅಲೆ ಕುಗ್ಗಿ ಮಾತು ತುಂಡಾದಲ್ಲಿ, ಆಡುವವರ ಹಳೆಯ ಮಾತುಗಳನ್ನೆಲ್ಲ ಅರೆದು ಕುಡಿದಿರುವ ಅದು, ಇಲ್ಲಿ ಇವರು ಇದನ್ನೇ ಅಂದಿರಬೇಕು ಎಂದು ಊಹಿಸಿ ಅವರದೇ ದನಿಯಲ್ಲಿ ತುಂಬುತ್ತದೆ. ಮೊದಮೊದಲು ಒಂದೊಂದು ಅಕ್ಷರ ತುಂಬುತ್ತಿತ್ತು. ಆಮೇಲೆ ಪದ, ಆಮೇಲೆ ವಾಕ್ಯ. ಈಗ ಪೂರಕವಿಲ್ಲದ ರೇಡಿಯೊ ಯಾರೂ ಮಾಡುವುದೇ ಇಲ್ಲ. ತಾವು ಕೇಳುತ್ತಿರುವುದರಲ್ಲಿ ಅಂದದ್ದೆಷ್ಟು, ತುಂಬಿದ್ದೆಷ್ಟು ಎಂದು ಕೇಳುವುದನ್ನು ಜನ ಮರೆತು ಒಂದು ತಲೆಮಾರೇ ಆಗಿತ್ತು.

ಶೈಲಜಾಳ ಅನುಮಾನ ಶುರುವಾದದ್ದು ಮೂರು ಭಾನುವಾರದ ಹಿಂದೆ. ಮನೆಯಲ್ಲಿದ್ದ ಪೂರಕದ ರೇಡಿಯೊ ಪೆಟ್ಟಿಗೆಯಲ್ಲಿ ಕಲ್ಯಾಣಿ ಲವಲವಿಕೆಯಿಂದ ಮಾತಾಡಿದಳು. ಉಂಡೇನಿ ಎಂದಳು, ಅಜ್ಜಿಯ ಮಂಡಿ ಹೇಗಿದೆ ಎಂದಳು, ಅಪ್ಪ ಗುಳಿಗೆ ತಪ್ಪಿಸಬಾರದು ಎಂದಳು. ಎಲ್ಲಿಯೂ ನಿಲ್ಲಲಿಲ್ಲ. ಕಲ್ಯಾಣಿ ಹಾಗೆ ಮಾತಾಡುವವಳೇ ಅಲ್ಲ. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮುಂಚೆ ಬಾವಿಗೆ ಕೊಡ ಇಳಿಬಿಟ್ಟಷ್ಟು ಹೊತ್ತು ಸುಮ್ಮನಿರುವ ಹುಡುಗಿ. ಆ ಸುಮ್ಮನಿರುವಿಕೆಯಲ್ಲೇ ಅವಳು ಸಿಟ್ಟಾಗಿದ್ದಾಳೋ ದಣಿದಿದ್ದಾಳೋ ತಾಯಿಗೆ ತಿಳಿಯುತ್ತಿತ್ತು. ಪೂರಕ ಅದನ್ನು ಖಾಲಿ ಜಾಗವೆಂದು ತಿಳಿದು ಯಾವಾಗಲೂ ತುಸು ಕತ್ತರಿಸುತ್ತಿತ್ತು. ಆದರೆ ಈಗ ಒಂದು ಉಸಿರೂ ಉಳಿದಿರಲಿಲ್ಲ.

ಶೈಲಜಾ ಕೆಲಸ ಮಾಡುವುದೂ ಇಂಥ ಮಾತು ಹಾಯುವ ಜಾಗದಲ್ಲೇ. ಕರಾವಳಿ ಊರುಗಳ ಗದ್ದಲದಿಂದ ದೂರವಿರಲೆಂದು ಧಾರವಾಡದ ಹೊರಗಿನ ಗುಡ್ಡದ ಮೇಲೆ ಕಟ್ಟಿದ ಹಡಗುವಾಣಿ ಕೇಂದ್ರದಲ್ಲಿ. ಗುರುವಾರ ಅವಳು ಮೇಲಧಿಕಾರಿ ಹುಕ್ಕೇರಿಯ ಮುಂದೆ ನಿಂತಿದ್ದಳು.

“ಹುಕ್ಕೇರಿಯವರ, ವರದಾದ ಲೈನಿನಿಂದ ಒಂದ್ ತಾಸು ಪೂರಕ ತಗೀರಿ. ಬರೇ ಬಂದದ್ದಷ್ಟ ಕೇಳಬೇಕು ನಾ.”

“ಅಕ್ಕಾರ, ಅದೇನು ನಲ್ಲಿಗೆ ಕಟ್ಟಿದ ಅರಿವಿ ಅಲ್ಲ ಬಿಚ್ಚಾಕ. ಯಂತ್ರದ ಚಿಪ್ಪಿನೊಳಗ ಕೂತೇತಿ. ನನಗ ಸಹಿತ ತಗ್ಯಾಕ ಬರೂದಿಲ್ಲ,” ಎಂದು ಅವನು ಪರದೆಯತ್ತ ಕೈ ತೋರಿಸಿದ. ವರದಾದ ಹಸಿರು ಚುಕ್ಕೆ ತನ್ನ ದಾರಿಯ ಗೆರೆಯ ಮೇಲೆ ವಿಧೇಯವಾಗಿ ಸಾಗುತ್ತಿತ್ತು. “ನೋಡ್ರಿ, ವಿಶ್ವಾಸ ನೂರಕ್ಕ ತೊಂಬತ್ಮೂರು. ಇದಕ್ಕಿಂತ ಏನ್ ಬೇಕ್ರಿ?”

“ಉಳಿದ ಏಳು?”

“ಅದು ಹವಾದ್ದು.”

“ಈ ಚುಕ್ಕೀನೂ ಪೂರಕಾನ ಇಡತೈತೇನು?”

“ಅಲೆ ಬರದಾಗ ಇಡತೈತಿ. ಹಡಗು ಹೋಗೂ ದಾರಿ ಅದಕ್ಕ ಗೊತ್ತಿಲ್ಲೇನ್ರಿ? ನೀವು ಮಗಳ ಚಿಂತಿಯೊಳಗ ಅದೀರಿ. ಎರಡ್ ದಿನ ರಜಾ ತಗೋರಿ.”

ರಜೆ ಸಿಕ್ಕಿತು. ರೇಡಿಯೊ ಸಿದ್ಧವಾಯಿತು. ಈಗ ಗಂಡ ಅದನ್ನು ಬಿಗಿ ಮಾಡಿಟ್ಟಿದ್ದ.

ಗಡಿಯಾರದಲ್ಲಿ ಎಂಟೂವರೆ. ಶೈಲಜಾ ದೀಪ ಹತ್ತಿರ ಎಳೆದುಕೊಂಡಳು. ಕಟ್ ಎಂದದ್ದು ನಡುವಿನ ಡಬ್ಬಿಯ ಕೋರು. ತಳಕ್ಕೆ ಕೂತು, ಎರಡಾಗಿ ಸೀಳಿ, ಅಲ್ಲಿಯೇ ಸಿಕ್ಕಿಕೊಂಡಿತ್ತು. ಇನ್ನು ಅದು ಅಲುಗುವುದಿಲ್ಲ. ಉಳಿದವನ್ನೇ ಅದರ ಶ್ರುತಿಗೆ ತರಬೇಕು. ಕೆಟ್ಟದ್ದಕ್ಕೆ ಒಳ್ಳೆಯವು ಹೊಂದಿಕೊಳ್ಳಬೇಕು. ಸಂಸಾರದಲ್ಲಿ ಮಾಡಿ ರೂಢಿಯಿದ್ದ ಕೆಲಸವೇ ಎಂದುಕೊಂಡಳು.

“ಇಲ್ಲಿ ಕುಂದರ್ರಿ,” ಎಂದಳು ಬಸವಂತನಿಗೆ. “ನಾ ಇದನ್ನ ತಿರುವತೇನಿ. ಒಳಗಿನ ಇಸ್ ಅನ್ನೂ ಸದ್ದು ಹೆಚ್ಚಾದ್ರ ‘ಹೆಚ್ಚು’ ಅನ್ರಿ, ಕಡಿಮಿ ಆದ್ರ ‘ಕಡಿಮಿ’ ಅನ್ರಿ. ಮೂರನೇ ಮಾತು ಬ್ಯಾಡ.”

“ನೀನ ಕೇಳಲ್ಲ. ನಿನಗ ಕಿವಿ ಇಲ್ಲೇನು?”

“ತಿರುವೋರ ಕಿವಿ ನಂಬಬಾರದು. ಕೈ ತಿರುಗಿದ್ದಕ್ಕ ಚೊಲೊ ಆತು ಅಂತನ ಅನಸತೈತಿ.”

ಅದು ಅವಳು ತನಗೆ ತಾನೇ ಹಾಕಿಕೊಂಡ ನಿಯಮ. ಕಬ್ಬಿಣ ತಾಗಿದರೆ ಶ್ರುತಿ ಕೆಡುತ್ತದೆಂದು ಪ್ಲಾಸ್ಟಿಕ್ಕಿನ ಹೆಣಿಗೆ ಕಡ್ಡಿಯ ತುದಿಯನ್ನು ಉಜ್ಜಿ ಚಪ್ಪಟೆ ಮಾಡಿಕೊಂಡಿದ್ದಳು. ಅದನ್ನು ಸೀಳಿನಲ್ಲಿಟ್ಟು ಉಗುರಿನಷ್ಟು ತಿರುವಿದಳು.

“ಹೆಚ್ಚು,” ಎಂದ ಬಸವಂತ. “ಹೆಚ್ಚು. ಹೆಚ್ಚು. ಚಹಾ ಆರಿತು ನನ್ನ.”

“ಮೂರನೇ ಮಾತು!”

“ಕಡಿಮಿ.”

ಒಳಗಿನಿಂದ ಅತ್ತೆ ನೀಲವ್ವನ ದನಿ ಬಂತು. “ಏ ಶೈಲಾ, ಅದೇನದು ಹಾವು ಬುಸ್ ಅಂದಂಗ? ನನ್ನ ಪ್ರವಚನ ಕೇಳಸವಲ್ತು!”

“ಒಂದ್ ಸ್ವಲ್ಪ ತಡೀರಿ ಅತ್ತಿ.”

“ಮುಂಜಾನೆದ್ದು ಮನ್ಯಾಗ ಈ ಖರಖರ ಯಾತಕ್ಕ? ಹತ್ತಕ್ಕ ಪೆಟಿಗ್ಯಾಗ ಛಲೋತ್ನಂಗ ಮಾತಾಡತಾಳ ಹುಡುಗಿ. ಅದು ಸಾಲದನು?”

ಮನೆಯ ದೀಪ, ಫ್ರಿಜ್ಜು, ಎಲ್ಲವೂ ರೇಡಿಯೊದೊಳಗೆ ನುಗ್ಗಿ ಚೀರುತ್ತಿದ್ದವು. ಶೈಲಜಾ ಎದ್ದು ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಪ್ರವಚನ ನಿಂತಿತು, ಅತ್ತೆ ಶುರುವಾದಳು. ಕೊನೆಗೆ ಮತ್ತೆ ಕರೆಂಟು ಕೊಟ್ಟು, ಮೇಜು, ರೇಡಿಯೊ, ಗಂಡ ಮೂರನ್ನೂ ಮಾಳಿಗೆಗೆ ಸಾಗಿಸಿದಳು. ಬಿಸಿಲಿನಲ್ಲಿ ಛತ್ರಿ ಹಿಡಿದು ಕೂತು ಬಸವಂತ ಹೆಚ್ಚು, ಕಡಿಮಿ ಎನ್ನುತ್ತಲೇ ಇದ್ದ. ಒಂದು ಹಂತದಲ್ಲಿ ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಹೆಂಗಸು, “ಏನ್ರಿ, ಉಪ್ಪೇನು?” ಎಂದು ಕೇಳಿದಳು.

ಹತ್ತಾಗುವುದಕ್ಕೂ ಸದ್ದು ತನ್ನ ಎತ್ತರಕ್ಕೆ ಬರುವುದಕ್ಕೂ ಸರಿಹೋಯಿತು. ಶೈಲಜಾ ಏರಿಯಲ್ ಎಳೆದು ವರದಾದ ಅಲೆಯ ಜಾಗಕ್ಕೆ ಮುಳ್ಳು ತಂದಳು. ಕೋರು ಸೀಳಿದ್ದರಿಂದ ಆ ಜಾಗ ಅಂಕಿಗಿಂತ ಅರ್ಧ ಗೆರೆ ಆಚೆಗಿರಬೇಕೆಂದು ಅವಳ ಲೆಕ್ಕ.

ಕೆಳಗಿನ ಪೆಟ್ಟಿಗೆಯಿಂದ ಕಲ್ಯಾಣಿ ಮಾತಾಡತೊಡಗಿದಳು. “ಅಜ್ಜೀ, ಆರಾಮದಿಯೇನು? ನಾ ಆರಾಮ ಅದೇನಿ...”

ಮಾಳಿಗೆಯ ಮೇಲೆ ಬರೀ ಇಸ್ ಎಂಬ ಸದ್ದು.

ಶೈಲಜಾ ಮುಳ್ಳನ್ನು ಆಚೆ ಸರಿಸಿದಳು, ಈಚೆ ತಂದಳು. ಏನೂ ಇಲ್ಲ. ಅವಳಿಗೆ ಸಿಟ್ಟು ಏರಿತು. ಇದೇ ರೇಡಿಯೊ ನಿನ್ನೆ ಹೀಗೆ ಮೌನವಾಗಿದ್ದರೆ ಅದೊಂದು ಸಾಕ್ಷಿಯಾಗುತ್ತಿತ್ತು. ಇವತ್ತಿನ ಮೌನಕ್ಕೆ ಅರ್ಥವೇ ಇರಲಿಲ್ಲ. ಹಡಗು ಸುಮ್ಮನಿದೆಯೋ, ರೇಡಿಯೊ ಸತ್ತಿದೆಯೋ? ಮಗಳು ಇದ್ದಾಳೋ ಇಲ್ಲವೋ ಎಂಬ ಪ್ರಶ್ನೆ ಹೋಗಿ ಹೋಗಿ ಒಂದು ಸ್ಕ್ರೂಡ್ರೈವರಿನ ತುದಿಯಲ್ಲಿ ನಿಂತಿತ್ತು.

“ಕಡಿಮಿ,” ಎಂದ ಬಸವಂತ.

ಅವಳು ಮುಳ್ಳಿನ ತಿರುಗಣಿಯಿಂದ ಕೈ ತೆಗೆದಳು.

“ಹೆಚ್ಚು... ಕಡಿಮಿ... ಹೆಚ್ಚು.”

“ಸಾಕು ಸುಮ್ನಿರ್ರಿ! ಮಾಡಿದ್ದು ಸಾಲಲಿಲ್ಲೇನು? ನಾ ಈಗ ಏನೂ ತಿರುವಾಕತ್ತಿಲ್ಲ.”

“ನೀ ತಿರುವಾಕತ್ತಿಲ್ಲ, ಖರೆ,” ಎಂದ ಅವನು ಛತ್ರಿಯ ಕೆಳಗಿನಿಂದ, ಬೈಸಿಕೊಂಡವನ ಸಣ್ಣ ದನಿಯಲ್ಲಿ. “ಆದ್ರ ಅದು ಕಡಿಮಿ ಆಗಾಕತ್ತೇತಿ. ಕೇಳು ನೀನ. ಈಗ... ಈಗ ಮತ್ತ.”

ಅವಳು ಕೇಳಿದಳು. ಇಸ್ ಎನ್ನುತ್ತಿದ್ದ ಸದ್ದು ಥಟ್ಟನೆ ತಗ್ಗಿತು. ಯಾರೋ ಬಾಯಿಯ ಮೇಲೆ ಕೈಯಿಟ್ಟಂತೆ. ಮತ್ತೆ ಎದ್ದಿತು. ಮತ್ತೆ ತಗ್ಗಿತು. ಗಾಳಿಯ ಏರಿಳಿತ ಹಾಗೆ ಅಂಚು ಕತ್ತರಿಸಿದಂತೆ ಇರುವುದಿಲ್ಲ. ರೇಡಿಯೊಗೆ ಅಲೆ ಸಿಕ್ಕದಿದ್ದಾಗ ಅದು ತನ್ನ ಕಿವಿಯನ್ನು ಪೂರ್ತಿ ತೆರೆದು ಬರೀ ಆಕಾಶದ ಗೊರಗೊರವನ್ನು ಕೇಳಿಸುತ್ತದೆ. ಅಲೆ ಸಿಕ್ಕೊಡನೆ ಕಿವಿಯನ್ನು ತಗ್ಗಿಸಿಕೊಳ್ಳುತ್ತದೆ. ಆ ಅಲೆಯ ಮೇಲೆ ಮಾತು ಇಲ್ಲದಿದ್ದರೆ ನಮಗೆ ಕೇಳುವುದು ಮೌನ. ಯಾರೋ ಮಾತಿಲ್ಲದ ಬರೀ ಅಲೆಯನ್ನು ಹಚ್ಚುತ್ತಿದ್ದರು, ಆರಿಸುತ್ತಿದ್ದರು.

ಕೆಳಗೆ ಪೆಟ್ಟಿಗೆಯಲ್ಲಿ ಕಲ್ಯಾಣಿ ನಗುತ್ತಿದ್ದಳು. ಪ್ರತಿಯೊಂದು ಮೌನವನ್ನೂ ಖಾಲಿ ಜಾಗವೆಂದು ತಿಳಿದು ಪೂರಕ ಶ್ರದ್ಧೆಯಿಂದ ತುಂಬುತ್ತಿತ್ತು.

“ಎಣಸ್ರಿ,” ಎಂದಳು ಶೈಲಜಾ. “ಕಡಿಮಿ ಆದದ್ದನ್ನ ಎಣಸ್ರಿ. ದೊಡ್ಡ ತಡ ಬಂದಾಗ ನಿಲ್ಲಸ್ರಿ.”

“ನಾಕು,” ಎಂದ ಬಸವಂತ. “ಎಂಟು. ಒಂದು...”

ಅವಳು ಇಟ್ಟಿಗೆಯ ಚೂರಿನಿಂದ ಮಾಳಿಗೆಯ ನೆಲದ ಮೇಲೆ ಬರೆಯುತ್ತ ಹೋದಳು. ಅಂಕಿಗಳ ಸಾಲು ಮುಗಿದು, ಮತ್ತೆ ಮೊದಲಿನಿಂದ ಬಂತು. ಹತ್ತು ವರ್ಷದಿಂದ ಹಡಗುಗಳ ಜಾಗ ಬರೆದುಕೊಳ್ಳುತ್ತಿದ್ದವಳಿಗೆ ಆ ಸಾಲು ಏನೆಂದು ಯಾರೂ ಹೇಳಬೇಕಿರಲಿಲ್ಲ. ಅಕ್ಷಾಂಶ, ರೇಖಾಂಶ.

ಕಲ್ಯಾಣಿಯ ಸರದಿ ಮುಗಿದು ಮುಳ್ಳಿನ ಅದೇ ಜಾಗದಲ್ಲಿ ‘ಮಾಂಡವಿ’ ಹಡಗಿನವನೊಬ್ಬ ಬಂದ. ಒಡೆದ, ತುಂಡು ತುಂಡಾದ, ಆದರೂ ಮನುಷ್ಯನ ದನಿ. ತನ್ನ ಹೆಂಡತಿಗೆ ಗ್ಯಾಸಿನ ಬಗ್ಗೆ ಏನೋ ಹೇಳುತ್ತಿದ್ದ. ರೇಡಿಯೊ ಸತ್ತಿರಲಿಲ್ಲ.

ಶೈಲಜಾ ಓಡಿಸಿದ ಸ್ಕೂಟರಿನ ಮೇಲೆ ಬಸವಂತ ರೇಡಿಯೊವನ್ನು ಬಾಣಂತಿ ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ಕೂತಿದ್ದ. ಕೇಂದ್ರದಲ್ಲಿ ಭಾನುವಾರದ ಪಾಳಿ ಹುಕ್ಕೇರಿಯದೇ.

“ಅಕ್ಕಾರ, ನಿಮಗ ರಜಾ ಕೊಟ್ಟೇನಲ್ಲ?”

“ವರದಾ ನೀವು ತೋರಸೂ ಜಾಗದಾಗಿಲ್ಲ. ಭಾಳ ಕೆಳಗ ಹೋಗೇತಿ. ಹಿಮದ ಕಡೆ.” ಅವಳು ಅಂಕಿಗಳನ್ನು ಮುಂದಿಟ್ಟಳು.

ಹುಕ್ಕೇರಿ ಅಂಕಿಗಳನ್ನು ನೋಡಿದ, ರೇಡಿಯೊ ನೋಡಿದ, ಸೀಳಿದ ಕೋರಿನ ಕಥೆ ಕೇಳಿದ. ಅವನು ಕೆಟ್ಟವನಲ್ಲ. ಕಷ್ಟದ ಕೆಲಸವನ್ನು ನಯವಾಗಿ ಮುಂದೂಡುವವನು. “ಅಂದ್ರ ನಿಮ್ಮ ಯಜಮಾನ್ರು ಕೆಡಿಸಿದ ರೇಡಿಯೊದಾಗ ಏನೂ ಕೇಳಸಲಿಲ್ಲ. ಆ ಏನೂ ಇಲ್ಲದ್ದರ ಮ್ಯಾಲೆ ನಾ ಒಂದು ಹಡಗಿನ ದಾರಿ ತಿರುವಬೇಕು. ನಾಳೆ ಮ್ಯಾಲಿನವರು ಕೇಳಿದ್ರ ಏನ್ ಹೇಳ್ಲಿ?”

“ಏನೂ ಹೇಳಬ್ಯಾಡ್ರಿ. ಹೊರಗ ಬರ್ರಿ. ಹನ್ನೊಂದಕ್ಕ ಹಡಗಿನ ವರದಿ ಹೊತ್ತು ಐತಲ್ಲ? ಕೇಳ್ರಿ.”

“ಇಲ್ಲೇ ಕೇಳೂಣಲ್ಲ.”

“ಇಲ್ಲಿ ನಿಮ್ಮ ಯಂತ್ರಗೋಳ ಗದ್ದಲ. ಹೊರಗ ಬರ್ರಿ ಅಂದೆ!”

ಕೊನೆಯ ಮಾತು ಕೂಗಾಗಿತ್ತು. ಹುಕ್ಕೇರಿ ಎದ್ದ.

ಗುಡ್ಡದ ಬೋಳು ಹುಲ್ಲಿನ ಮೇಲೆ ಮೂವರೂ ಕುಕ್ಕರುಗಾಲಲ್ಲಿ ಕೂತರು. ಹನ್ನೊಂದಕ್ಕೆ ಹುಕ್ಕೇರಿಯ ಕಿಸೆಯಲ್ಲಿದ್ದ ಪೂರಕದ ಯಂತ್ರ ಮಾತಾಡಿತು. ವರದಾದ ಕಪ್ತಾನನ ಗಟ್ಟಿ ದನಿ: ಎಲ್ಲ ಕ್ಷೇಮ, ಇಂಧನ ಸಾಕಷ್ಟಿದೆ, ನಿಗದಿತ ದಾರಿಯಲ್ಲಿದ್ದೇವೆ. ಹಳೆಯ ರೇಡಿಯೊ ಇಸ್ ಎಂದಿತು, ತಗ್ಗಿತು. ಎದ್ದಿತು, ತಗ್ಗಿತು.

“ನಾಕು,” ಎಂದ ಬಸವಂತ.

ಹುಕ್ಕೇರಿ ಕಿಸೆಯ ಯಂತ್ರವನ್ನು ಒಂದು ಕಿವಿಗೆ, ರೇಡಿಯೊವನ್ನು ಇನ್ನೊಂದು ಕಿವಿಗೆ ಹಿಡಿದ. ಮೊದಲ ಕಿವಿಯಲ್ಲಿ ಕಪ್ತಾನ ಹವಾಮಾನವನ್ನು ಹೊಗಳುತ್ತಿದ್ದ. ಎರಡನೆಯ ಕಿವಿಯಲ್ಲಿ ಯಾರೋ ಎಣಿಸುತ್ತಿದ್ದರು. ಅಂಕಿಗಳ ಸಾಲು ಮೂರನೇ ಸಲ ಮುಗಿಯುವ ಹೊತ್ತಿಗೆ ಅವನು ಕಿಸೆಯ ಯಂತ್ರವನ್ನು ಹುಲ್ಲಿನ ಮೇಲೆ ಹಾಕಿದ. ಹಾಕಿದ ಮೇಲೂ ಅದು ಮಾತಾಡುತ್ತಲೇ ಇತ್ತು.

“ಎಷ್ಟು ದಿನದಿಂದ?” ಎಂದ.

“ಮೂರು ವಾರ ಇರಬೇಕು.”

“ಮೂರು ವಾರದ ವರದಿಗೆ ನಾ ಸಹಿ ಮಾಡೇನಿ ಅಕ್ಕಾರ.”

ವರದಾಕ್ಕೆ ಹತ್ತಿರವಿದ್ದದ್ದು ಮಾಂಡವಿ. ಅದನ್ನು ಕರೆದು ದಾರಿ ತಿರುಗಿಸಬೇಕು. ಆದರೆ ಆ ಹಡಗಿನಲ್ಲೂ ಪೂರಕ, ಇಲ್ಲಿಯೂ ಪೂರಕ. ಹುಕ್ಕೇರಿ ಕೂಗಿ ಹೇಳಿದ ಅಂಕಿಗಳನ್ನು ಅಲ್ಲಿಯವರು ಕೇಳಿದರೋ, ಅಲ್ಲಿನ ಯಂತ್ರ ತನಗೆ ತೋಚಿದ ಅಂಕಿ ತುಂಬಿತೋ? ಅವರು ಹೇಳಿದ್ದು ಅವರು ಹೇಳಿದ್ದೇ ಹೌದೋ? ಶೈಲಜಾ ಹೊರಗೆ ಕಿಟಕಿಯ ಕೆಳಗೆ ರೇಡಿಯೊ ಹಿಡಿದು ನಿಂತಳು. ಒಳಗಿನಿಂದ ಹುಕ್ಕೇರಿ ಒಂದೊಂದು ಅಂಕಿಯನ್ನೂ ಹೇಳಿ, ತಿರುಗಿ ಹೇಳಿಸುತ್ತಿದ್ದ.

“ತಿಳೀತು ಅಂದ್ರು!” ಎಂದು ಕಿಟಕಿಯಲ್ಲಿ ಮುಖ ತೋರಿಸಿದ.

“ಅವರಂದಿಲ್ಲ! ಬರೇ ಖರಖರ ಬಂದೈತಿ. ತಿಳೀತು ಅಂದದ್ದು ನಿಮ್ಮ ಯಂತ್ರ. ಮತ್ತೊಮ್ಮೆ ಕೇಳ್ರಿ!”

“ಈಗ?”

“ಈಗ ಅರ್ಧಾ ಬಂತು. ಮತ್ತೊಮ್ಮೆ!”

“ಇದು ಐದನೇ ಸಲ ಅಕ್ಕಾರ! ಮಾಂಡವಿಯವರು ಬೈಯಾಕತ್ತಾರ!”

“ಅದು ಅವರ ಬೈಗುಳಾನ, ನಾನೂ ಕೇಳಿದೆ. ಬೈಲಿ. ಮತ್ತೊಮ್ಮೆ ಕೇಳ್ರಿ!”

ಮಧ್ಯಾಹ್ನದ ಹೊತ್ತಿಗೆ ಎಲ್ಲ ಅಂಕಿಗಳೂ ಮನುಷ್ಯರ ಬಾಯಿಂದ ಮನುಷ್ಯರ ಕಿವಿಗೆ ಮುಟ್ಟಿದ್ದವು. ಶೈಲಜಾಳ ಗಂಟಲು ಹೋಗಿತ್ತು.

ಮನೆಯಲ್ಲಿ ನೀಲವ್ವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಎಲ್ಲವನ್ನೂ ಕೇಳಿ, ಪೆಟ್ಟಿಗೆಯ ಕಡೆ ನೋಡಿ, “ಹಂಗಾರ ಮೂರು ವಾರ ನನ್ನ ಮಂಡಿ ವಿಚಾರಸಿದ್ದು ಯಾರು?” ಎಂದಳು. “ನಾ ಅದಕ್ಕ ಎಲ್ಲಾ ಹೇಳೇನಲ್ಲೋ ಬಸವಂತ, ಸರದಿ ಮುಗಿದ ಮ್ಯಾಲೂ ಕೂತು.” ಆಮೇಲೆ ಸೊಸೆಯ ಕಡೆ ತಿರುಗಿ, “ಹಂಗಾರ ಹುಡುಗಿ ಉಂಡಾಳೋ ಇಲ್ಲೋ?”

“ಗೊತ್ತಿಲ್ಲ ಅತ್ತಿ.”

“ಅದೇನ್ ಮಾತು, ಗೊತ್ತಿಲ್ಲ ಅಂದ್ರ?”

“ಗೊತ್ತಿಲ್ಲ ಅಂದ್ರ ಗೊತ್ತಿಲ್ಲ!” ಎಂದು ರೇಗಿದಳು ಶೈಲಜಾ. ರೇಗಿ ಅಡುಗೆಮನೆಗೆ ಹೋಗಿ ಸುಮ್ಮನೆ ಗೋಡೆ ನೋಡುತ್ತ ನಿಂತಳು.

ಆ ವಾರ ಮನೆಯಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಪೆಟ್ಟಿಗೆ ಕಪಾಟು ಸೇರಿತು. ವಾರದ ಕೊನೆಗೆ ಹುಕ್ಕೇರಿಯಿಂದ ಸುದ್ದಿ ಬಂತು: ಮಾಂಡವಿ ವರದಾವನ್ನು ಕಂಡಿದೆ. ಬಿರುಗಾಳಿಗೆ ಏರಿಯಲ್ ಕಂಬ ಮುರಿದು, ಅಲೆ ಕಳಿಸುವ ಪ್ರೇಷಕದ ಮಾತಿನ ಭಾಗ ಸುಟ್ಟಿತ್ತು. ಚುಕ್ಕಾಣಿ ಹೋಗಿತ್ತು. ಅಲೆಯನ್ನು ಹಚ್ಚುವುದು, ಆರಿಸುವುದು ಬಿಟ್ಟರೆ ಅವರಿಗೆ ಬೇರೇನೂ ಉಳಿದಿರಲಿಲ್ಲ. ಜನ ಇದ್ದಾರೆ. ಎಲ್ಲರೂ ಇದ್ದಾರೆಯೇ? ಅಲ್ಲಿ ಅಲೆ ಕುಗ್ಗಿತು ಅಕ್ಕಾರ, ತುಂಬಿ ಹೇಳಾಕ ನನಗ ಧೈರ್ಯ ಇಲ್ಲ, ಎಂದಿದ್ದ ಹುಕ್ಕೇರಿ. ಭಾನುವಾರ ಮಾಂಡವಿಯಿಂದ ಮನೆಮಂದಿಗೆ ಮಾತಾಡಿಸುತ್ತಾರಂತೆ.

ಭಾನುವಾರ ನೀಲವ್ವನನ್ನು ಇಬ್ಬರೂ ಹಿಡಿದು ಮಾಳಿಗೆ ಹತ್ತಿಸಿದರು. ಹತ್ತಕ್ಕೆ ಇಸ್ ಎನ್ನುವ ಸದ್ದಿನೊಳಗಿನಿಂದ ಒಂದು ದನಿ ಒದ್ದಾಡುತ್ತ ಮೇಲೆ ಬಂತು.

“...ಕಲ್ಯಾಣಿ... ಅಪ್ಪ, ಕೇಳಸಾಕ...”

ಮುಳುಗಿತು. ಬಸವಂತ ಬಾಯಿಗೆ ಟವೆಲ್ಲು ಒತ್ತಿಕೊಂಡ.

“...ಭಾಳ ಥಂಡಿ... ಕೈ ಬೆರಳು...” ಮತ್ತೆ ಗೊರಗೊರ.

“ಬೆರಳು ಆರಾಮ ಅದಾವಂತ,” ಎಂದಳು ನೀಲವ್ವ.

“ಅವ್ವಾ, ಹಂಗಂದಿಲ್ಲ ಆಕಿ,” ಎಂದ ಬಸವಂತ.

“ಮತ್ತ ಇನ್ನೇನಂದಿರತಾಳ? ಉಂಡೇನಿ ಅಂತನೂ ಅಂದ್ಲು, ಕೇಳಿದೆ ನಾ.”

“ಅತ್ತಿ!” ಶೈಲಜಾ ಕೈಯೆತ್ತಿದಳು. “ಆಕಿ ಅಂದಷ್ಟ ಕೇಳ್ರಿ. ಉಳಿದದ್ದಕ್ಕ ದಯವಿಟ್ಟು ಸುಮ್ನ ಕುಂದರ್ರಿ. ಒಂದು ಯಂತ್ರ ಸಾಕಾಗೇತಿ.” ಹಾಗೆನ್ನುವಾಗಲೇ, ಬೆರಳು ಎಂಬ ಮಾತಿನ ಮುಂದಿನ ಜಾಗಕ್ಕೆ ತನ್ನ ಮನಸ್ಸೂ ಒಂದೊಂದೇ ಪದವನ್ನು ಇಟ್ಟು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು.

“...ಅವ್ವಾ,” ಎಂದಿತು ರೇಡಿಯೊ.

ಆಮೇಲೆ ಏನೂ ಇಲ್ಲ. ಆದರೆ ಈ ಸಲ ಗೊರಗೊರವೂ ಇರಲಿಲ್ಲ. ಅಲೆ ತುಂಬಿ ಬಂದಿತ್ತು, ಆಕಾಶ ಬಾಯಿ ಮುಚ್ಚಿಕೊಂಡಿತ್ತು. ರೇಡಿಯೊದೊಳಗೆ ತೊಳೆದಿಟ್ಟಂಥ ಮೌನ.

ನೀಲವ್ವ ಬಹಳ ಹೊತ್ತು ತಡೆದಳು. ಕೊನೆಗೆ ತಡೆಯಲಾಗದೆ ಪಿಸುಗುಟ್ಟಿದಳು. “ಮತ್ತ ಕೆಡ್ತೇನ ಇದು?”

“ಇಲ್ಲ ಅತ್ತಿ,” ಎಂದಳು ಶೈಲಜಾ. “ಆಕಿ ಅದಾಳ. ಏನ್ ಹೇಳಬೇಕಂತ ವಿಚಾರ ಮಾಡಾಕತ್ತಾಳ.”